ಕಾಯರ್‌ತೋಡಿನ ತೂಬು

"ರಾತ್ರಿ ಕಡಲು ಉಕ್ಕುವ ಭರತದ ಒಟ್ಟಿಗೆ ಗುಡ್ಡದ ನೀರೂ ಸೇರಿದರೆ ಈ ಮನೆಗಳು ಉಳಿಯುವುದಿಲ್ಲ. ಸಂಜೆಯೊಳಗೆ ತೂಬು ತೆರೆಯಲೇಬೇಕು," ಎಂದಳು ಕುಶಲಾ.

೧೯೮೪ರ ಜೂನ್ ಮೊದಲ ವಾರ. ಬೈಕಂಪಾಡಿಯ ಕಾರ್ಖಾನೆಗಳ ಹಿಂದೆ ಹರಿಯುವ ಕಾಯರ್‌ತೋಡು ಮೂರು ದಿನದ ಮಳೆಗೆ ಕೆಂಪಾಗಿ ಉಬ್ಬಿತ್ತು. ಅದರ ದಡದ ಕಟ್ಟದಡಿ ಎಂಬ ಕೇರಿಯಲ್ಲಿ, ದೋಣಿ ನಡೆಸುವ ಮೊಯ್ದೀನಬ್ಬನ ಮನೆಯ ಜಗಲಿಯಲ್ಲಿ ಮೂವರು ನಿಂತಿದ್ದರು.

"ಕೆಲಸದವರು ಯಾರೂ ಬರುದಿಲ್ಲ ಟೀಚರ್," ಎಂದ ಮೊಯ್ದೀನಬ್ಬ. ಅವನಿಗೆ ಅರವತ್ತು ದಾಟಿತ್ತು. "ಮಣ್ಣು ಹೊರು ಅಂದ್ರೆ ಹೊರ್ತಾರೆ. ತೂಬಿನ ಹತ್ರ ಮಾತ್ರ ಇಲ್ಲ. ಅಲ್ಲಿ ಬಡಿಯುವ ಶಬ್ದ ಉಂಟಲ್ವಾ."

ಮೂರನೆಯವನು ಬೋಜ. ಅವನು ಹಗ್ಗದ ಸುರುಳಿಯನ್ನು ಹೆಗಲಿಗೆ ಏರಿಸಿಕೊಂಡ.

ಹತ್ತು ವರ್ಷದ ಹಿಂದೆ ಹೀಗೇ ಒಂದು ಮಳೆಯಲ್ಲಿ ಕಟ್ಟದಡಿಯ ಒಂಬತ್ತು ಜನ ನೀರುಪಾಲಾಗಿದ್ದರು. ಎಂಟು ಹೆಣ ಸಿಕ್ಕಿತು. ಬೋಜನ ಹೆಂಡತಿ ಬಾಗಿ ಮಾತ್ರ ಸಿಗಲಿಲ್ಲ. ಅದಕ್ಕೂ ಮೊದಲು ತೋಡಿನ ಆಚೆ ದಡದಲ್ಲಿ ಹದಿನಾಲ್ಕು ಎಕರೆ ತಗ್ಗಿನ ಬೈಲಿತ್ತು. ತೋಡಿಗೂ ಬೈಲಿಗೂ ನಡುವೆ ಮಣ್ಣಿನ ಕಟ್ಟ. ಮಳೆಗಾಲದಲ್ಲಿ ಅದರ ಕಲ್ಲಿನ ತೂಬಿನ ಹಲಗೆ ತೆಗೆದರೆ ನೆರೆನೀರು ಅಲ್ಲಿ ಹರಡಿ ಮಲಗುತ್ತಿತ್ತು. ಬೈಲಿನ ಧಣಿ ಸರ್ವೋತ್ತಮ ಶೆಟ್ಟರು ಅದನ್ನು ಕಾರ್ಖಾನೆಗೆ ಮಾರುವ ಆಸೆಯಿಂದ ತೂಬು ಮುಚ್ಚಿಸಿ ಮಣ್ಣು ತುಂಬಿಸಿದರು. ಮಾರಾಟ ನಡೆಯಲಿಲ್ಲ. ಹರಡಲು ಜಾಗವಿಲ್ಲದ ನೀರು ಕೇರಿಗೆ ನುಗ್ಗಿತು.

ಶೆಟ್ಟರ ಬಳಿಕ ಜಮೀನು ಸೊಸೆಗೆ ಬಂತು. ಅಂದರೆ ತಂಗಿಯ ಮಗಳು ಕುಶಲಾಳಿಗೆ. ಕೊಡಿಯಾಲ್‌ಬೈಲಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಅವಳು ಆ ಬೈಲನ್ನು ತೋಡಿಗೇ ಹಿಂದಿರುಗಿಸಲು ಹೊರಟಳು. ಐದು ತಿಂಗಳು ಕೇರಿಯವರೊಂದಿಗೆ ತುಂಬಿದ ಮಣ್ಣು ತೆಗೆಸಿದಳು, ಮೂರು ಕೊಳ ತೋಡಿಸಿದಳು, ನೀರು ನಿಧಾನವಾಗಿ ಸುತ್ತಿ ಹೋಗುವಂತೆ ಡೊಂಕಾದ ಕಾಲುವೆ ಮಾಡಿಸಿದಳು, ಅಂಚಿಗೆಲ್ಲ ಜೊಂಡು ಮತ್ತು ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಸಸಿ ನೆಡಿಸಿದಳು. ಉಳಿದದ್ದು ತೂಬು ಒಂದೇ. ಜೂನ್ ಹತ್ತರೊಳಗೆ ತೆರೆಯುವ ಎಂದುಕೊಂಡಿದ್ದರು. ಮಳೆ ಮೊದಲೇ ಬಂತು.

"ಕಟ್ಟವನ್ನು ಬೇರೆ ಕಡೆ ಕಡಿದರೆ ಆಗುದಿಲ್ವಾ?" ಮೊಯ್ದೀನಬ್ಬನ ಹೆಂಡತಿ ಐಸಮ್ಮ ಬಾಗಿಲಿನಿಂದ ಕೇಳಿದಳು.

"ಬರೀ ಮಣ್ಣಿನ ಕಟ್ಟ ಐಸಮ್ಮ. ಕಡಿದರೆ ಇಡೀ ಕಟ್ಟವೇ ಕೊಚ್ಚಿ ಹೋಗ್ತದೆ, ಕೊಳಗಳೂ ಹೋಗ್ತವೆ. ಕಲ್ಲಿನ ತೂಬು ಮಾತ್ರ ನೀರನ್ನು ಹದದಲ್ಲಿ ಬಿಡ್ತದೆ," ಎಂದಳು ಕುಶಲಾ.

ಐಸಮ್ಮ ಗಂಡನ ಮುಖ ನೋಡಿದಳು. "ಜಾಗ್ರತೆ," ಎಂದಷ್ಟೇ ಹೇಳಿದಳು.

ಹನ್ನೊಂದು ಗಂಟೆಗೆ ದೋಣಿ ಹೊರಟಿತು. ಭರತದ ನೀರು ಅವರನ್ನು ಮೇಲಕ್ಕೆ ತಳ್ಳಿತು. ಕಾರ್ಖಾನೆಯ ಗೋಡೆಗಳು ಹಿಂದೆ ಸರಿದವು. ಯಂತ್ರಗಳ ಗುಯ್‌ಗುಟ್ಟುವಿಕೆ ಮಳೆಯ ಸದ್ದಿನಲ್ಲಿ ಕರಗಿತು. ಆಮೇಲೆ ಎರಡೂ ಕಡೆ ಕಾಂಡ್ಲಾ ಕಾಡು. ನೀರಿನಿಂದ ಎದ್ದು ನಿಂತ ಬೇರುಗಳು ನೆರೆದ ಜನರ ಕಾಲುಗಳಂತೆ ಕಂಡವು. ಒಂದು ಹಕ್ಕಿಯ ಕೂಗೂ ಇರಲಿಲ್ಲ. ಹಳೆಯ ನೆರೆಯಲ್ಲಿ ಕೊಚ್ಚಿಹೋದ ಮನೆಗಳ ಅಡಿಪಾಯದ ಕಲ್ಲುಗಳು ಅಲ್ಲಲ್ಲಿ ನೀರಿನ ಮೇಲೆ ತಲೆ ಎತ್ತಿ ಮರೆಯಾದವು. ಒಂದು ಕಡೆ ಬಾವಿಕಟ್ಟೆಯೊಂದು ತೋಡಿನ ನಡುವೆ ಒಂಟಿಯಾಗಿ ನಿಂತಿತ್ತು, ಯಾರೋ ಈಗ ತಾನೇ ಕೊಡ ಇಳಿಸಿ ಹೋದಂತೆ. ಮೊಯ್ದೀನಬ್ಬ ಅದರ ಹತ್ತಿರ ಗಳ ಊರಲಿಲ್ಲ. ದೂರದಿಂದ ಬಳಸಿಕೊಂಡು ಹೋದ.

ತಿರುವು ದಾಟುತ್ತಲೇ ಸದ್ದು ಕೇಳಿಸಿತು.

ಟಣ್.

ಕಲ್ಲಿಗೆ ಕಬ್ಬಿಣ ಬಡಿದ ಸದ್ದು. ಸ್ವಲ್ಪ ಹೊತ್ತು ಮೌನ. ಮತ್ತೆ, ಟಣ್.

ಮೊಯ್ದೀನಬ್ಬನ ತುಟಿಗಳು ಪ್ರಾರ್ಥನೆಯಲ್ಲಿ ಅಲುಗಿದವು. ಕುಶಲಾ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದಳು.

"ಹಿಂದೆ ಹೋಗುವುದಾದ್ರೆ ಈಗ ಹೇಳಿ," ಎಂದ ಮೊಯ್ದೀನಬ್ಬ ಮೆಲ್ಲಗೆ.

"ಹೋಗುವ, ಮುಂದೆ," ಎಂದ ಬೋಜ. ಬೆಳಗ್ಗಿನಿಂದ ಅವನು ಆಡಿದ ಮೊದಲ ಮಾತು ಅದು.

ತೂಬು ಕೇದಗೆ ಪೊದೆಗಳ ನಡುವೆ ಹುದುಗಿತ್ತು. ಎರಡು ಕಲ್ಲುಕಂಬ, ನಡುವೆ ಹಲಗೆಗಳು. ಅವುಗಳಿಗೆ ಅಡ್ಡವಾಗಿ ಆನೆಯ ಹೊಟ್ಟೆಯಷ್ಟು ದಪ್ಪದ ಮರದ ಬೊಡ್ಡೆಯೊಂದು ಸಿಕ್ಕಿಬಿದ್ದಿತ್ತು. ಹಳೆಯ ನೆರೆ ತಂದು ಇಟ್ಟ ಬೊಡ್ಡೆ.

"ಇದನ್ನು ಮೂರು ಜನ ಎಳೆಯುದು ಸುಳ್ಳು," ಎಂದಳು ಕುಶಲಾ.

"ನಾವು ಯಾಕೆ ಎಳೆಯುದು? ಇಳಿತ ಎಳೆಯಲಿ," ಎಂದ ಮೊಯ್ದೀನಬ್ಬ. "ಈಗ ನೀರು ತಿರುಗ್ತದೆ. ಬೊಡ್ಡೆಗೆ ಹಗ್ಗ ಕಟ್ಟಿ, ದೋಣಿಯನ್ನು ನಡುನೀರಿಗೆ ಬಿಡುವ. ಹೊಳೆಗಿಂತ ದೊಡ್ಡ ಎತ್ತು ಯಾವುದುಂಟು?"

ಬೋಜ ನೀರಿಗಿಳಿದ. ಎದೆಮಟ್ಟ, ಕುತ್ತಿಗೆಮಟ್ಟ. ಉಸಿರು ಕಟ್ಟಿ ಮುಳುಗಿದ. ಕುಶಲಾ ಎಣಿಸುತ್ತ ನಿಂತಳು. ನಲವತ್ತಕ್ಕೆ ಅವನು ಮೇಲೆ ಬಂದ.

"ಕಟ್ಟಿದೆ," ಎಂದ. "ಬೊಡ್ಡೆಯ ಹಿಂದೆ ಎಂತದೋ ಉಂಟು ಕುಶಲಕ್ಕ. ಕೈಗೆ ಸಿಕ್ಕಿತು."

"ಎಂತದು?"

ಅವನು ಹಗ್ಗದ ಇನ್ನೊಂದು ತುದಿಯನ್ನು ಮೊಯ್ದೀನಬ್ಬನಿಗೆ ಎಸೆದ.

ಇಳಿತ ಶುರುವಾಯಿತು. ಬೋಜ, ಕುಶಲಾ ಕಂಬದ ಪಕ್ಕದ ಕಲ್ಲಿನ ಮೇಲೆ ಹತ್ತಿದರು. ಮೊಯ್ದೀನಬ್ಬ ಒಬ್ಬನೇ ದೋಣಿಯನ್ನು ಸೆಳವಿಗೆ ತಳ್ಳಿದ.

ಹಗ್ಗ ಬಿಗಿಯಿತು. ದೋಣಿ ವಾಲಿತು. ಬೊಡ್ಡೆ ಕಿರ್ರೆಂದಿತು.

"ಇನ್ನೂ ಸ್ವಲ್ಪ!" ಕುಶಲಾ ಕೂಗಿದಳು.

ದೋಣಿಯ ಅಂಚು ನೀರು ಕುಡಿಯಿತು. ಮೊಯ್ದೀನಬ್ಬ ಗಳವನ್ನು ನೆಲಕ್ಕೆ ಊರಿ ಮೈಯೆಲ್ಲ ಭಾರ ಹಾಕಿದ. ಬೊಡ್ಡೆ ಒಮ್ಮೆ ನಡುಗಿ, ಉರುಳಿ, ಕಳಚಿಕೊಂಡಿತು. ಮರುಕ್ಷಣ ಅದೇ ಬೊಡ್ಡೆ ದೋಣಿಯ ಮೇಲೆ ನುಗ್ಗಿತು.

"ಹಗ್ಗ ಕಡಿ ಮಾರಾಯಾ, ಹಗ್ಗ!" ಬೋಜ ಅಬ್ಬರಿಸಿದ.

ಮೊಯ್ದೀನಬ್ಬನ ಕತ್ತಿ ಮಿಂಚಿತು. ಬೊಡ್ಡೆ ದೋಣಿಯನ್ನು ಸವರಿಕೊಂಡು ತಿರುವಿನಲ್ಲಿ ಮಾಯವಾಯಿತು. ಅದರ ಹಿಂದೆಯೇ ದೋಣಿಯೂ ಗಿರಕಿ ಹೊಡೆಯುತ್ತ ಕಣ್ಮರೆಯಾಯಿತು. "ಬರ್ತೇನೆ, ಬರ್ತೇನೆ! ನೀವು ಹಲಗೆ ತೆಗೀರಿ!" ಎಂಬ ಕೂಗು ಮಾತ್ರ ಕೇಳಿತು.

ನೀರು ಇಳಿಯಿತು. ಬೊಡ್ಡೆ ಇದ್ದ ಜಾಗದಲ್ಲಿ ಕಂಬದ ಮೂಲೆ ಕಾಣಿಸಿತು. ಹಲಗೆಯ ಸಂದಿನಲ್ಲಿ ಒಂದು ಕಬ್ಬಿಣದ ಹಾರೆ ಸಿಕ್ಕಿಕೊಂಡಿತ್ತು. ಸೆಳವು ತಾಗಿದಾಗಲೆಲ್ಲ ಅದರ ಮೇಲಿನ ತುದಿ ಓಲಾಡಿ ಕಂಬಕ್ಕೆ ಬಡಿಯುತ್ತಿತ್ತು. ಟಣ್. ಕೆಳಗೆ, ಕೆಸರಿನಲ್ಲಿ ಅರ್ಧ ಹೂತ ಮೂಳೆಗಳು. ಒಂದು ಮುಂಗೈ ಮೂಳೆಯ ಸುತ್ತ ನಾಲ್ಕು ಹಸಿರು ಗಾಜಿನ ಬಳೆ.

ಬೋಜ ಕಲ್ಲಿನ ಮೇಲೆಯೇ ಕುಕ್ಕರಿಸಿದ. ಕೈ ಚಾಚಿ ಹಾರೆಯ ಮೇಲಿನ ಕೆಸರು ಒರಸಿದ.

"ನಮ್ಮದೇ ಹಾರೆ," ಎಂದ ಕೊನೆಗೆ. "ಇಲ್ಲಿ ಬೆಸುಗೆ ಹಾಕಿಸಿದ್ದೆ. ಆ ದಿನ ಮನೆಯಲ್ಲಿ ಇರಲಿಲ್ಲ. ಯಾರೋ ಕದ್ದರು ಅಂತ ಮಾಡಿದ್ದೆ." ಅವನು ಹಲಗೆಗಳ ಮೇಲೆ ಕೈಯಾಡಿಸಿದ. "ನೀರು ಬಾಗಿಯನ್ನು ಕೊಂಡುಹೋದದ್ದು ಅಲ್ಲ ಕುಶಲಕ್ಕ. ಅವಳೇ ಬಂದಿದ್ದಳು. ನೋಡಿ, ಮೇಲಿನ ಎರಡು ಹಲಗೆ ಇಲ್ಲವೇ ಇಲ್ಲ. ಎರಡು ತೆಗೆದಿದ್ದಾಳೆ. ಮೂರನೆಯದಕ್ಕೆ ಹಾರೆ ಹಾಕಿದಾಗ ಬೊಡ್ಡೆ ಬಂದಿದೆ."

ಆಕಾಶ ಇನ್ನಷ್ಟು ಕಪ್ಪಾಯಿತು. ಮೇಲಿನಿಂದ ಹೊಸ ನೀರಿನ ಮೊರೆತ ಹತ್ತಿರವಾಗುತ್ತಿತ್ತು. ಕುಶಲಾಳಿಗೆ ಅವಸರ ಮಾಡಲು ಬಾಯಿ ಬರಲಿಲ್ಲ.

ಬೋಜನೇ ಎದ್ದ. ತಲೆಯ ಮುಂಡಾಸು ಬಿಚ್ಚಿ, ಕೆಸರಿನಿಂದ ಒಂದೊಂದೇ ಮೂಳೆ ಎತ್ತಿ ಅದರಲ್ಲಿಟ್ಟು, ಬಳೆಗಳನ್ನೂ ಇಟ್ಟು ಗಂಟು ಕಟ್ಟಿದ. ಗಂಟನ್ನು ಕುಶಲಾಳ ಕೈಗೆ ಕೊಡಲು ಒಂದು ಕ್ಷಣ ಹಿಂಜರಿದ. ಆಮೇಲೆ ಕೊಟ್ಟ. ಅವಳು ಅದನ್ನು ಮೇಲಿನ ಕಲ್ಲಿನ ಮೇಲೆ ಇಟ್ಟು ಕೆಳಗಿಳಿದಳು.

ಇಬ್ಬರೂ ಬಾಗಿಯ ಹಾರೆಗೆ ಮೈ ಕೊಟ್ಟರು. ತುಕ್ಕು ಅಂಗೈ ಕೊರೆಯಿತು.

"ಒಂದು, ಎರಡು, ಹೋ!"

ಮೂರನೆಯ ಹಲಗೆ ಎದ್ದಿತು. ನಾಲ್ಕನೆಯದು. ಐದನೆಯದು ಅಲುಗಲಿಲ್ಲ. ಕುಶಲಾ ಕಾಲು ಜಾರಿ ಬಿದ್ದಳು. ಸೆಳವು ಅವಳ ಸೊಂಟ ಹಿಡಿಯಿತು. ಬೋಜ ಜಡೆಗೇ ಕೈ ಹಾಕಿ ಎಳೆದು ಕಂಬಕ್ಕೆ ಒರಗಿಸಿದ.

"ಹಿಡ್ಕೊಳ್ಳಿ! ಮತ್ತೊಮ್ಮೆ!"

ಐದನೆಯ ಹಲಗೆ ಸಿಡಿಯಿತು. ಹಿಂದಿನ ಜೇಡಿಮಣ್ಣು ಕುಸಿಯಿತು. ಒಂದು ದೊಡ್ಡ ನಿಟ್ಟುಸಿರಿನಂತೆ ತೋಡು ಬೈಲಿಗೆ ಹೊಕ್ಕಿತು. ಮೊದಲು ಕಾಲುವೆ ತುಂಬಿತು, ಆಮೇಲೆ ಮೊದಲ ಕೊಳ, ಎರಡನೆಯದು. ಕೆಂಪು ನೀರು ಹರಡುತ್ತ, ನಿಧಾನವಾಗುತ್ತ, ಜೊಂಡಿನ ಸಸಿಗಳ ಬುಡ ಮುಟ್ಟಿತು.

ಮೊಯ್ದೀನಬ್ಬ ಒಂದೂವರೆ ಗಂಟೆ ಗಳ ಹಾಕಿ ದೋಣಿಯನ್ನು ವಾಪಸು ತಂದಾಗ ಇಬ್ಬರೂ ನಡುಗುತ್ತ ಕೂತಿದ್ದರು. ಅವನು ಬಿಳಿ ಗಂಟನ್ನು ನೋಡಿದ. ತನ್ನ ಟೊಪ್ಪಿ ಸರಿಮಾಡಿಕೊಂಡು, ದೋಣಿಯ ಮುಂದಿನ ಹಲಗೆಯನ್ನು ಒರಸಿ ಜಾಗ ಮಾಡಿಕೊಟ್ಟ.

ಇಳಿತದಲ್ಲಿ ದೋಣಿ ತಾನಾಗಿ ಸಾಗಿತು. ಅರ್ಧ ದಾರಿಯಲ್ಲಿ ಕುಶಲಾ ಮಾತಾಡಿದಳು.

"ಬೋಜಣ್ಣ, ಆ ದಿನ ಬಾಗಿ ನಮ್ಮ ಮನೆಗೂ ಬಂದಿದ್ದಳು. ಮಳೆಯಲ್ಲಿ ಅಂಗಳದಲ್ಲಿ ನಿಂತು, 'ತೂಬು ತೆಗೆಸಿ ಧಣಿ' ಅಂತ ಕೇಳಿದಳು. ಮಾವ ಬೈದು ಕಳಿಸಿದರು. ನಾನು ಚಾವಡಿಯಲ್ಲೇ ಇದ್ದೆ. ಒಂದು ಮಾತು ಆಡಲಿಲ್ಲ."

ಗಳದಿಂದ ನೀರು ತೊಟ್ಟಿಕ್ಕುವ ಸದ್ದಷ್ಟೇ ಕೇಳುತ್ತಿತ್ತು. ಬೋಜ ಗಂಟಿನ ಮೇಲೆ ಕೈ ಇಟ್ಟುಕೊಂಡು ನೀರನ್ನೇ ನೋಡುತ್ತಿದ್ದ.

ಆ ರಾತ್ರಿಯ ಭರತದಲ್ಲಿ ನೀರು ಐಸಮ್ಮನ ಮನೆಯ ಮೂರನೆಯ ಮೆಟ್ಟಿಲವರೆಗೆ ಬಂದು ಅಲ್ಲೇ ನಿಂತಿತು. ಬೆಳಗಿನ ಹೊತ್ತಿಗೆ ಇಳಿಯಿತು. ಒಂದು ಕೋಳಿಯೂ ಹೋಗಲಿಲ್ಲ. ಪೊಲೀಸರು ಬಂದು ಬರೆಯಬೇಕಾದ್ದನ್ನು ಬರೆದುಕೊಂಡರು. ಮಧ್ಯಾಹ್ನ ಮಳೆ ಬಿಟ್ಟ ಹೊತ್ತಿನಲ್ಲಿ ಕೇರಿಯವರೆಲ್ಲ ಸೇರಿ ಬಾಗಿಯನ್ನು ಕಳಿಸಿಕೊಟ್ಟರು. ಕುಶಲಾ ದೂರದಲ್ಲಿ, ಬೇಲಿಯ ಆಚೆ ನಿಂತಿದ್ದಳು. ಹತ್ತಿರ ಬಾ ಎಂದು ಯಾರೂ ಕರೆಯಲಿಲ್ಲ. ಹೋಗು ಎಂದೂ ಹೇಳಲಿಲ್ಲ.

ಎಲ್ಲ ಮುಗಿದು ಜನ ಚದುರಿದ ಮೇಲೆ ಬೋಜ ಬೇಲಿಯ ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು.

"ಎರಡನೇ ಕೊಳದ ಮೂಡು ಅಂಚು ಬಿರುಕು ಬಿಟ್ಟಿದೆ," ಎಂದ. "ಇವತ್ತೇ ಗೂಟ ಹೊಡೆಯದಿದ್ರೆ ನಾಳೆ ಕುಸೀತದೆ. ನನಗೆ ಒಬ್ಬನಿಗೆ ಆಗುದಿಲ್ಲ. ಬರ್ತೀರಾ?"

ಕುಶಲಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಹಿಂದೆ ನಡೆದಳು. ಬೈಲಿನ ತುಂಬ ನೀರು ಅಲುಗದೆ ಮಲಗಿತ್ತು.