ಹೆಚ್ಚಾದ ಸಾಲು

ಮಿರ್ಜೊಹಿದನ ಬಟ್ಟಲಿಗೆ ಅವಳು ಎರಡೇ ಗುಟುಕು ಚಹಾ ಹಾಕಿದಳು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಕೋಕಂದ ಪಟ್ಟಣದ ನಮ್ಮ ಪತ್ರಿಕೆಯ ಕಚೇರಿಯಲ್ಲಿ ಕಾದಂಬರಿಗಳ ಹಸ್ತಪ್ರತಿ ತಿದ್ದುವವಳು ಜುಲ್‌ಹುಮೋರ್. ಮೂರು ವರ್ಷದಿಂದ ನನ್ನ ಕಾದಂಬರಿ ಅವಳ ಕೈಯಲ್ಲಿದೆ. ಹಾಗೆ ನೋಡಿದರೆ ನಾನೂ ಅವಳ ಕೈಯಲ್ಲೇ ಇದ್ದೇನೆ. ಈ ಮಿರ್ಜೊಹಿದ್ ಬರೆಯಲು ಬಂದು ಮೂರು ವಾರವೂ ಆಗಿಲ್ಲ. ಚೆಂದದ ಮೀಸೆ, ಚೆಂದದ ಕೋಟು. ಅವನ ಹಾಳೆ ಓದುತ್ತಾ ಒಬ್ಬಳೇ ನಗುತ್ತಾಳೆ, ಕೆಂಪು ಪೆನ್ಸಿಲ್ ಮುಟ್ಟುವುದೇ ಇಲ್ಲ. ನನ್ನ ಹಾಳೆಗಳೋ, ದಾಳಿಂಬೆ ಹಿಂಡಿದ ಹಾಗೆ ಕೆಂಪು.

ಅವನು ಎದ್ದು ಹೋಗುವವರೆಗೂ ಕಾದು ಅವಳನ್ನು ಕೇಳಿದೆ:

"ಅವನದು ಅಷ್ಟು ಚೆನ್ನಾಗಿದೆಯಾ?"

"ಹೂಂ. ಓದೋರಿಗೂ ತಲೆ ಇದೆ ಅಂತ ಅವರಿಗೆ ಗೊತ್ತು." ಹುಬ್ಬು ಹಾರಿಸಿ ನನ್ನದೊಂದು ಹಾಳೆ ಮುಂದಿಟ್ಟಳು. "ಇದನ್ನ ನೀವೇ ಓದಿ."

ಓದಿದೆ: 'ಅವಳು ಅವನ ಬಟ್ಟಲಿಗೆ ಸ್ವಲ್ಪವೇ ಚಹಾ ಹಾಕಿದಳು. ಅವನು ಬೇಗ ಹೋಗಬಾರದು, ಮತ್ತೆ ಮತ್ತೆ ಬಟ್ಟಲು ಚಾಚಬೇಕು ಎಂಬುದು ಅವಳ ಆಸೆ.' ಎರಡನೆಯ ಸಾಲನ್ನು ಹೊಡೆದುಹಾಕಿದ್ದಳು.

"ನೋದಿರ್ ಅವರೇ, ಈ ಊರಲ್ಲಿ ಇದು ಯಾರಿಗೆ ಗೊತ್ತಿಲ್ಲ ಹೇಳಿ?"

"ನನಗೂ ಚೆನ್ನಾಗಿ ಗೊತ್ತು! ಈಗ ತಾನೇ ಕಣ್ಣಾರೆ ನೋಡಿದೆನಲ್ಲ, ಆ ಮೀಸೆಗೆ ಎಷ್ಟು ಹಾಕಿದಿರಿ ಅಂತ!"

ಅವಳು ಕಣ್ಣರಳಿಸಿದಳು. ಆಮೇಲೆ ನಗು ತಡೆಯಲು ತುಟಿ ಕಚ್ಚಿಕೊಂಡಳು.

"ಅಯ್ಯೋ ದೇವ್ರೇ, ಹೊಟ್ಟೆಕಿಚ್ಚಾ? ಅವರು ಸಂಪಾದಕರ ಅತಿಥಿ ಕಣ್ರೀ. ಬಟ್ಟಲು ತುಂಬಿಸಿ, ಎದ್ದು ಹೋಗಿ ಅನ್ನಲಾ?" ನಗು ನಿಂತಿತು. "ಮೂರು ವರ್ಷದಿಂದ ನಿಮ್ಮ ಬಟ್ಟಲಿಗೆ ಎಷ್ಟು ಹಾಕ್ತಿದೀನಿ, ಅದನ್ನ ನೋಡಿದೀರಾ?"

ನೋಡಿದೆ. ತಳ ಮುಚ್ಚುವಷ್ಟು. ಇವತ್ತು ಇದು ಏಳನೆಯ ಸಲ. ಅವನಿಗೆ ಹಾಕಿದರೆ ಪ್ರೀತಿ, ನನಗೆ ಹಾಕಿದರೆ ಕಚೇರಿಯ ಮರ್ಯಾದೆ ಎಂದುಕೊಂಡಿದ್ದ ಪೆದ್ದ ನಾನು.

"ಮುನ್ನೂರು ಪುಟ ಎಲ್ಲಾನೂ ಬಿಡಿಸಿ ಬಿಡಿಸಿ ಹೇಳ್ತೀರಿ. ಹೇಳಲೇಬೇಕಾದ ಕಡೆ ಮಾತ್ರ ಬಾಯಿಗೆ ಬೀಗ! ಭಾನುವಾರ ಮಾರ್ಗಿಲಾನ್‌ನಿಂದ ನನ್ನನ್ನ ಹೆಣ್ಣು ಕೇಳೋಕೆ ಬರ್ತಿದಾರೆ. ನಿಮ್ಮ ಮನಸ್ಸನ್ನೂ ನಾನೇ ಊಹಿಸ್ಕೋಬೇಕಾ?"



"ನನಗೆ ನೀವು ಬೇಕು," ಎಂದೆ. "ಮೊದಲ ದಿನದಿಂದ ಬೇಕು. ಶನಿವಾರವೇ ನಮ್ಮಮ್ಮನ್ನ ನಿಮ್ಮನೆಗೆ ಕಳಿಸ್ತೀನಿ."

ಅವಳ ಕಣ್ಣು ತುಂಬಿತು. ಒಂದೇ ಮಾತನ್ನು ಎರಡು ಸಲ ಬರೆದರೆ ಉರಿದುಬೀಳುವ ಆ ಹೆಂಗಸು ಮೆಲ್ಲಗೆ ಕೇಳಿದಳು:

"ಇನ್ನೊಂದ್ಸಲ ಹೇಳಿ."