ಲ್ಯಾಪ್‌ಟಾಪಿನ ಹೊಟ್ಟೆಯುರಿ

"ಯಾರು ಮಾಡಿದ್ದು ಅಂತ ಹೇಳಿ ಸಾಕು ಸರ್. ಮುಂದಿನದು ನಾನು ನೋಡ್ಕೋತೀನಿ."

ಹೀಗೆಂದು ಆ ಹುಡುಗಿ ದಪ್ಪನೆಯ ಕಪ್ಪು ಲ್ಯಾಪ್‌ಟಾಪೊಂದನ್ನು ನಮ್ಮ ಊಟದ ಮೇಜಿನ ಮೇಲೆ ಇಟ್ಟಳು. ಇಟ್ಟಳು ಎನ್ನುವುದಕ್ಕಿಂತ ಮಲಗಿಸಿದಳು ಎನ್ನಬೇಕು. ಕಣ್ಣು ಕೆಂಪಾಗಿತ್ತು, ಆದರೆ ಅತ್ತು ಅಲ್ಲ. ನನಗೆ ಅವಳು ತಕ್ಷಣ ಹಿಡಿಸಿದಳು. ಕೇಡು ಮಾಡಿದವರನ್ನು ದೇವರು ನೋಡಿಕೊಳ್ಳುತ್ತಾನೆ ಎಂದು ನಿಟ್ಟುಸಿರು ಬಿಡುವವರನ್ನು ಕಂಡರೆ ನನಗಾಗದು. ಸೇಡು ತೀರಿಸಿಕೊಳ್ಳಲು ಬಂದವರಿಗೆ ಕುರ್ಚಿ ಹಾಕಿ ಕಾಫಿ ಕೊಡುವವನು ನಾನು. ಅವತ್ತೂ ಕೊಟ್ಟೆ.

ನನ್ನ ಭಾವ ಕನ್ನಡಕ ಏರಿಸಿಕೊಂಡು ಬಂದು ಕೂತರು. ಬೆಂಕಿ ಬಿದ್ದ ಅಂಗಡಿ, ಗೋದಾಮುಗಳಿಗೆ ಹೋಗಿ, ಬೆಂಕಿ ತಾನಾಗಿ ಬಿತ್ತೋ ಯಾರಾದರೂ ಹಚ್ಚಿದರೋ ಎಂದು ವಿಮೆ ಕಂಪನಿಗೆ ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತರಾದರೂ ಯಾರು ಏನು ಹೇಳಿದರೂ ಕೊಕ್ಕೆ ಹಾಕುವ ಚಟ ಹೋಗಿಲ್ಲ. ಕಟ್ಟಡದವರೆಲ್ಲ ಅವರನ್ನು ಕೊಕ್ಕೆ ಸಾಹೇಬರು ಎನ್ನುತ್ತಾರೆ. ಅಕ್ಕ ತೀರಿಕೊಂಡ ಮೇಲೆ ನಾವಿಬ್ಬರೇ ಈ ಮನೆಯಲ್ಲಿದ್ದೇವೆ. ಕಟ್ಟಡದಲ್ಲಿ ಪಾರ್ಸೆಲ್ ಕಳೆದರೂ ಕಿಟಕಿ ಒಡೆದರೂ ಜನ ಮೊದಲು ತಟ್ಟುವುದು ನಮ್ಮ ಬಾಗಿಲು.

ಹುಡುಗಿ ಕೆಳಮನೆಯ ದರ್ಜಿಯಮ್ಮನ ಕಿರಿಯ ಮಗಳು. ಕಂಪ್ಯೂಟರ್ ಆಟಗಳನ್ನು ತಯಾರಿಸುವ ಕೋರ್ಸಿಗೆ ಸೀಟು ಸಿಕ್ಕಿತ್ತು. ಅಲ್ಲಿ ಒಂದು ಕಟ್ಟುನಿಟ್ಟು: ತರಗತಿ ಶುರುವಾಗುವ ದಿನ ಪ್ರತಿಯೊಬ್ಬರೂ ತಾವು ಮಾಡಿದ ಒಂದು ಸಣ್ಣ ಆಟವನ್ನು ತಮ್ಮದೇ ಲ್ಯಾಪ್‌ಟಾಪಿನಲ್ಲಿ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ ತೋರಿಸಬೇಕು. ಇಲ್ಲವಾದರೆ ಸೀಟು ಮುಂದಿನವರಿಗೆ.

"ಹತ್ತು ನಿಮಿಷ ಚೆನ್ನಾಗಿ ಓಡುತ್ತೆ ಸರ್. ಆಮೇಲೆ ಹೊಟ್ಟೆಯೆಲ್ಲ ಸುಡ್ತಾ ಪಟ್ ಅಂತ ಆಫ್. ಆರಿದ ಮೇಲೆ ಮತ್ತೆ ಆನ್ ಆಗುತ್ತೆ, ಮತ್ತೆ ಹಾಗೇ."

"ಕೊಳ್ಳುವಾಗ ಏನು ನೋಡಿ ಕೊಂಡೆ?" ಭಾವ ಕೇಳಿದರು.

ಇದನ್ನು ಕೇಳಿದ್ದೇ ತಡ, ಹುಡುಗಿಯ ಮುಖ ಅರಳಿತು. "ಇರೋ ದುಡ್ಡಲ್ಲಿ ಎಲ್ಲಾ ಸಿಗಲ್ಲ ಸರ್. ಆಮೇಲೆ ಬದಲಾಯಿಸೋಕೆ ಆಗದೇ ಇರೋದಕ್ಕೆ ಮೊದಲು ದುಡ್ಡು ಹಾಕ್ದೆ. ಗ್ರಾಫಿಕ್ಸ್ ಚಿಪ್ ಬದಲಾಯಿಸೋಕಾಗಲ್ಲ, ಅದು ಒಳ್ಳೇದೇ ಬೇಕು. ಮೆಮೊರಿ ಆಮೇಲೆ ಸೇರಿಸ್ಬಹುದು, ಅದಕ್ಕೆ ಖಾಲಿ ಜಾಗ ಇರೋದನ್ನ ಹುಡುಕಿದೆ. ಹೋದ ವರ್ಷದ ಮಾಡೆಲ್ಲು, ಪ್ಲಾಸ್ಟಿಕ್ ಮೈ, ಬ್ಯಾಟರಿ ಬೇಗ ಮುಗಿಯುತ್ತೆ, ಹೊತ್ಕೊಂಡ್ರೆ ಭುಜ ಬೀಳುತ್ತೆ. ಪರವಾಗಿಲ್ಲ. ಎರಡು ದೊಡ್ಡ ಫ್ಯಾನ್ ಇದೆ. ತೆಳ್ಳಗಿರೋವು ಆಟ ಶುರುವಾದ ಕೂಡ್ಲೆ ಬಿಸಿಯಾಗಿ ಸುಸ್ತಾಗ್ತವೆ."

"ಬೇರೆ ಯಾರೂ ಸಲಹೆ ಕೊಡಲಿಲ್ಲವೇ?"

"ಆಫರ್ ಮಾಮ!" ಎಂದಳು, ಉಗುಳುವ ಹಾಗೆ.

ಆಫರ್ ಮಾಮ ಎಂದರೆ ಅವಳ ತಾಯಿಯ ತಮ್ಮ. ಎಲ್ಲಿ ಏನು ರಿಯಾಯಿತಿ ಇದೆ ಎಂಬುದು ಅವನಿಗೆ ಬಾಯಿಪಾಠ. ತಿಳಿಯದ ವಿಷಯ ಲೋಕದಲ್ಲಿ ಒಂದೂ ಇಲ್ಲ. ಅಂಗಡಿಯಲ್ಲಿ ಅವನು ಬೆಳ್ಳಿ ಬಣ್ಣದ ತೆಳ್ಳನೆಯ ಒಂದನ್ನು ಎತ್ತಿಕೊಂಡು, ಬ್ಯಾಗು, ಮೌಸು, ಹೆಡ್‌ಫೋನು ಎಲ್ಲಾ ಪುಕ್ಕಟೆ ಎಂದು ಹಟ ಹಿಡಿದಿದ್ದನಂತೆ. "ಮಾಮ, ಇದರಲ್ಲಿ ಇಸ್ಪೀಟು ಆಡ್ಬಹುದು ಅಷ್ಟೆ" ಎಂದು ಇವಳು ಅಂದಾಗ ಅಂಗಡಿಯವರೆಲ್ಲ ನಕ್ಕುಬಿಟ್ಟರು. "ನೋಡ್ತಾ ಇರು, ಇದು ತಿಂಗಳು ಬಾಳಲ್ಲ" ಎಂದು ಶಾಪ ಹಾಕಿ ಮಾಮ ಅಲ್ಲಿಂದಲೇ ತನ್ನ ಮನೆಗೆ ಹೋಗಿದ್ದ.

ಶಾಪ ಫಲಿಸಿತ್ತು. ಮೊದಲ ಸಲ ಕೆಟ್ಟಾಗ ಅಂಗಡಿಯವರು ಬಿಚ್ಚಿ ನೋಡಿದರೆ ಫ್ಯಾನಿನ ಬಾಯಿಯಲ್ಲಿ ಬಟ್ಟೆಯ ಜೂಲು, ನೂಲಿನ ಎಳೆಗಳ ಉಂಡೆ. ಹೊಲಿಗೆ ಮನೆಯ ದೂಳು, ಇದಕ್ಕೆ ವಾರಂಟಿ ಬರುವುದಿಲ್ಲ ಎಂದು ಸ್ವಚ್ಛ ಮಾಡಿ ಕೊಟ್ಟರು. ಅಂದಿನಿಂದ ದರ್ಜಿಯಮ್ಮ ಅದನ್ನು ಒಳಕೋಣೆಯಲ್ಲಿ ಬಟ್ಟೆ ಮುಚ್ಚಿ ಇಟ್ಟರು. ಆದರೂ ಈಗ ಮತ್ತೆ ಅದೇ ರೋಗ. ಹಿಂದಿನ ದಿನವಷ್ಟೇ ಮಾಮ ಮನೆಗೆ ಬಂದು ಹೋಗಿದ್ದ.

"ಅಮ್ಮ ಊಟ ಬಿಟ್ಟಿದಾಳೆ ಸರ್. ನನ್ನ ಕಸುಬೇ ನಿನ್ನ ಓದಿಗೆ ಮುಳ್ಳಾಯ್ತು ಅಂತಾಳೆ. ನಾಳೆ ಸಂಜೆ ಅಂಗಡಿಗೆ ವಾಪಸ್ ಮಾರಿ, ಲ್ಯಾಪ್‌ಟಾಪ್ ಬೇಡದ ಯಾವುದಾದ್ರೂ ಕೋರ್ಸಿಗೆ ಸೇರ್ಕೋ ಅಂತಾಳೆ. ಇದು ಮಾಮನ ಕೆಲಸವೇ. ಸಾಕ್ಷಿ ಕೊಡಿ, ಅವರ ಆಫೀಸಿನ ಬಾಗಿಲಲ್ಲೇ ನಿಂತು ಮಾನ ಕಳೀತೀನಿ."

"ನಾನೂ ಬರ್ತೀನಿ" ಎಂದೆ. ಭಾವ ನನ್ನನ್ನು ದುರುಗುಟ್ಟಿ ನೋಡಿದರು.

ಹುಡುಗಿಯೇ ಸ್ಕ್ರೂ ಬಿಚ್ಚಿ ಕೆಳಗಿನ ಮುಚ್ಚಳ ತೆಗೆದಳು. ಕೊಂಡು ತಂದ ದಿನವೇ ಮೆಮೊರಿಯ ಖಾಲಿ ಜಾಗ ತೋರಿಸಲು ಅಮ್ಮನಿಗೂ ಅಕ್ಕನಿಗೂ ಹೀಗೇ ಬಿಚ್ಚಿ ತೋರಿಸಿದ್ದಳಂತೆ. ಭಾವ ಮೊದಲು ನೋಡಿದ್ದು ಮುಚ್ಚಳವನ್ನು. ಗಾಳಿ ಒಳಗೆ ಹೋಗುವ ಜಾಲರಿ ತೊಳೆದ ತಟ್ಟೆಯಷ್ಟು ಶುಚಿಯಾಗಿತ್ತು. ಆದರೆ ಒಳಗೆ, ಫ್ಯಾನಿಗೂ ಬಿಸಿಗಾಳಿ ಹೊರಹೋಗುವ ತಗಡಿನ ಸೀಳುಗಳಿಗೂ ನಡುವೆ, ನೀಲಿ ಜೂಲು ಗಟ್ಟಿಯಾಗಿ ತುಂಬಿತ್ತು. ಭಾವ ಚಿಮುಟದಿಂದ ಅದನ್ನು ಎಳೆದು ಕಾಗದದ ಮೇಲೆ ಬಿಡಿಸಿದರು. ಎಲ್ಲಾ ನೀಲಿ. ಒಂದು ಕೂದಲಿಲ್ಲ, ಮಣ್ಣಿಲ್ಲ. ನಡುವೆ ಏನೋ ಮಿಣುಕಿತು. ಮುರಿದ ಸೂಜಿಯ ತುದಿ.

"ನೋಡಿ, ಸೂಜಿನೂ ಬಂದಿದೆ. ಹೊಲಿಗೆ ಮನೆಯದೇ ದೂಳು ಅಂತಾಯ್ತಲ್ಲ" ಎಂದೆ ನಾನು, ಸ್ವಲ್ಪ ನಿರಾಸೆಯಿಂದ.

"ನಿನ್ನ ತಲೆ" ಎಂದರು ಭಾವ.

ಅವತ್ತೇ ಸಂಜೆ ಅಂಗಿಯ ಗುಂಡಿ ಕಿತ್ತುಹೋಗಿದೆ ಎಂಬ ನೆಪ ಮಾಡಿಕೊಂಡು ಕೆಳಗೆ ಹೋದೆವು. ಗುಂಡಿಯನ್ನು ಭಾವ ಮೆಟ್ಟಿಲ ಮೇಲೆ ತಾವೇ ಕಿತ್ತರು, ಅದೂ ನನ್ನ ಅಂಗಿಯದು. ದರ್ಜಿಯಮ್ಮನ ಮನೆಯಲ್ಲಿ ಎಲ್ಲಿ ನೋಡಿದರೂ ಬಿಳಿ. ಯಾವುದೋ ಆಸ್ಪತ್ರೆಯ ಬಿಳಿ ಕೋಟುಗಳು ರಾಶಿ ಬಿದ್ದಿದ್ದವು. ಹಾಗಿದ್ದೂ ನೆಲ ಕನ್ನಡಿಯಂತಿತ್ತು. ಆಯಮ್ಮ ಮಾತಾಡುತ್ತಲೇ ಬಗ್ಗಿ ನೂಲು ಹೆಕ್ಕುತ್ತಿದ್ದರು. ಅವರ ಸೂಜಿಗಳೆಲ್ಲ ಒಂದು ತಗಡಿನ ಡಬ್ಬಿಯಲ್ಲಿದ್ದವು.

"ನೀಲಿ ಬಟ್ಟೆ ಹೊಲಿದು ಬಹಳ ದಿನ ಆಯ್ತೇನಮ್ಮ?" ಭಾವ ಕೇಳಿದರು.

"ಅಯ್ಯೋ, ಆ ಸ್ಕೂಲಿನ ಲಂಗಗಳಾ? ಈ ಲ್ಯಾಪ್‌ಟಾಪು ಬರೋಕೆ ಎಷ್ಟೋ ಮುಂಚೆನೇ ಮುಗೀತು ಸಾಹೇಬ್ರೆ."

ನನ್ನ ಗುಂಡಿ ಹಾಕಿಕೊಟ್ಟವಳು ಹಿರಿಯ ಮಗಳು. ಮಿತಭಾಷಿ. ಮಣಿಕಟ್ಟಿಗೆ ನೀಲಿ ಬಟ್ಟೆಯ ಪುಟ್ಟ ಸೂಜಿದಿಂಬು ಕಟ್ಟಿಕೊಂಡಿದ್ದಳು. ದಿಂಬು ಜೋಲುಬಿದ್ದು ಸೂಜಿಗಳೆಲ್ಲ ವಾಲಿದ್ದವು. ಭಾವ ಅವಳ ಕೆಲಸವನ್ನು ಬಾಯಿತುಂಬ ಹೊಗಳಿ, ದಿಂಬನ್ನು ಹತ್ತಿರದಿಂದ ನೋಡಿ, ಎದ್ದು ಬಂದರು. ನಾನು ಆಫರ್ ಮಾಮನಿಗೆ ಏನೇನು ಅನ್ನಬೇಕು ಎಂದು ಮನಸ್ಸಿನಲ್ಲೇ ತಾಲೀಮು ನಡೆಸಿದೆ. ಕೆಲವು ಮಾತುಗಳು ಬಹಳ ಚೆನ್ನಾಗಿ ಬಂದಿದ್ದವು.

ಮರುದಿನ ಮಧ್ಯಾಹ್ನ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದರು: ದರ್ಜಿಯಮ್ಮ, ಇಬ್ಬರು ಹೆಣ್ಣುಮಕ್ಕಳು, ಕೈಯಲ್ಲಿ ಯಾವುದೋ ರಿಯಾಯಿತಿ ಚೀಟಿ ಹಿಡಿದ ಆಫರ್ ಮಾಮ. ಮೇಜಿನ ಮೇಲೆ ಲ್ಯಾಪ್‌ಟಾಪ್. ಭಾವ ಸ್ಕ್ರೂಡ್ರೈವರನ್ನು ಮಾಮನ ಕೈಗಿತ್ತರು.

"ನೀವು ತಿಳಿದವರು. ಇದನ್ನು ಸ್ವಲ್ಪ ಬಿಚ್ಚಿಕೊಡಿ."

ಮಾಮ ಲ್ಯಾಪ್‌ಟಾಪನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ, ಕೀಲಿಮಣೆಯ ಅಂಚನ್ನು ಉಗುರಿನಿಂದ ಕೆದಕಿದ. ಬೆವರಿದ. ಕೊನೆಗೆ, "ಈಗಿನವನ್ನೆಲ್ಲ ಬಿಚ್ಚೋಕೆ ಬರಲ್ಲ ಸಾಹೇಬ್ರೆ, ಕಂಪನಿಯೋರೇ ಬರ್ಬೇಕು... ನನಗೆ ಗೊತ್ತಾಗ್ತಿಲ್ಲ" ಎಂದ.

"ನಾಟಕ!" ಎಂದಳು ಕಿರಿಯವಳು.

"ಪಕ್ಕಾ ನಾಟಕ" ಎಂದೆ ನಾನು.

"ಅಲ್ಲ" ಎಂದರು ಭಾವ. "ಇವರು ಪ್ರಾಣ ಬೇಕಾದರೂ ಬಿಟ್ಟಾರು, ನಾಲ್ಕು ಜನರ ಮುಂದೆ ಗೊತ್ತಿಲ್ಲ ಎಂದು ನಟಿಸಲಾರರು. ನಿಜವಾಗಿ ಗೊತ್ತಿಲ್ಲದಿದ್ದರೆ ಮಾತ್ರ ಆ ಮಾತು ಇವರ ಬಾಯಿಂದ ಬರುತ್ತದೆ. ಇದನ್ನು ಬಿಚ್ಚಿ ತೋರಿಸಿದ ದಿನ ಇವರು ಇರಲಿಲ್ಲ. ಸಿಟ್ಟು ಮಾಡಿಕೊಂಡು ಅಂಗಡಿಯಿಂದಲೇ ಹೋಗಿದ್ದರು."

ಮಾಮನಿಗೆ ಇದು ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ. ನನ್ನ ತಾಲೀಮೆಲ್ಲ ನೀರುಪಾಲಾಯಿತು.

ಭಾವ ಜೂಲಿನ ಕಾಗದವನ್ನು ಬಿಡಿಸಿಟ್ಟರು. "ಅಮ್ಮಾ, ಮೊದಲು ನಿಮಗೊಂದು ಮಾತು. ಇದು ನಿಮ್ಮ ಮನೆಯ ದೂಳಲ್ಲ. ದೂಳು ತಾನಾಗಿ ಹೋದರೆ ಜಾಲರಿಗೂ ಮೆತ್ತುತ್ತದೆ, ಜಾಲರಿ ಶುಚಿಯಾಗಿತ್ತು. ಅದರಲ್ಲಿ ಕೂದಲು, ಮಣ್ಣು, ಹತ್ತು ಬಣ್ಣದ ನೂಲು ಇರುತ್ತದೆ. ನಿಮ್ಮ ಮನೆಯಲ್ಲಿ ಈಗ ಬಿದ್ದರೆ ಬಿಳಿ ಬೀಳಬೇಕು, ಇದು ಬರೀ ನೀಲಿ. ಇನ್ನು ಈ ಸೂಜಿತುದಿ. ಕಬ್ಬಿಣವನ್ನು ಎಳೆದುಕೊಳ್ಳುವ ಫ್ಯಾನು ಇನ್ನೂ ಹುಟ್ಟಿಲ್ಲ. ಯಾರೋ ಬಿಚ್ಚಿ, ತುಂಬಿ, ಮುಚ್ಚಿದ್ದಾರೆ. ನೀಲಿ ಜೂಲೂ ಮುರಿದ ಸೂಜಿಯೂ ಒಟ್ಟಿಗೆ ಇರುವ ಜಾಗ ಒಂದೇ."

ದರ್ಜಿಯಮ್ಮನ ಕಣ್ಣು ನಿಧಾನವಾಗಿ ಹಿರಿಯ ಮಗಳ ಮಣಿಕಟ್ಟಿಗೆ ಹೋಯಿತು.

"ಸೂಜಿದಿಂಬು" ಎಂದರು ಭಾವ, ಹಿರಿಯವಳ ಕಡೆ ತಿರುಗಿ. "ಮನೆಯಲ್ಲಿ ದೂಳು ಹುಡುಕಿದರೆ ನಿನಗೆ ಸಿಗಲಿಲ್ಲ, ನಿಮ್ಮ ತಾಯಿ ಅಷ್ಟು ಗುಡಿಸುತ್ತಾರೆ. ಅದಕ್ಕೇ ಹಳೆಯ ಲಂಗಗಳ ಜೂಲು ತುಂಬಿದ್ದ ದಿಂಬನ್ನು ನೀನೇ ಬಿಚ್ಚಿದೆ. ಬೇರೆ ಯಾರಾದರೂ ನಿನ್ನ ದಿಂಬಿನಿಂದ ಕದ್ದಿದ್ದರೆ ಹರಿದು ಬಿಸಾಕುತ್ತಿದ್ದರು. ಆದರೆ ಅಲ್ಲಿ ಹೊಸ ಬಿಳಿ ನೂಲಿನ ಹೊಲಿಗೆ ಇದೆ. ಎರಡು ಸಲ ಬಿಚ್ಚಿ, ಎರಡು ಸಲವೂ ಅಕ್ಕಿಕಾಳು ಜೋಡಿಸಿದಷ್ಟು ಸಮನಾಗಿ ಮುಚ್ಚಿದ್ದೀಯ. ತೆರೆದ ಹೊಲಿಗೆಯನ್ನು ಹಾಗೇ ಬಿಡಲು ನಿನ್ನ ಕೈ ಒಪ್ಪಲಿಲ್ಲ, ಅಲ್ಲವೇ?"

ಹಿರಿಯವಳು ದಿಂಬನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. "ಕೆಟ್ಟದಾಗಿ ಹೊಲೀಬೇಕಿತ್ತು. ಬರಲಿಲ್ಲ" ಎಂದಳು.

"ಅಕ್ಕಾ?" ಕಿರಿಯವಳ ದನಿ ಒಡೆಯಿತು. ಮರುಕ್ಷಣ ಗಟ್ಟಿಯಾಯಿತು. "ನೀನಾ? ಅಷ್ಟು ಹೊಟ್ಟೆಯುರಿ ಇದ್ರೆ ಒಂದು ಲೋಟ ನೀರು ಸುರೀಬೇಕಿತ್ತು. ಒಂದೇ ಸಲಕ್ಕೆ ಸಾಯ್ತಿತ್ತು!"

"ನನಗೂ ಇದೊಂದೇ ಗಂಟು ಬಿಡಿಸಲಾಗಲಿಲ್ಲ" ಎಂದರು ಭಾವ. "ಕೆಡಿಸಲು ಬಂದವರು ಸುಲಭದ ದಾರಿ ಬಿಟ್ಟು ಇಷ್ಟು ಕಷ್ಟ ಪಡುವುದಿಲ್ಲ."

"ನಂಗೆ ಅದು ಸಾಯೋದು ಬೇಕಿರಲಿಲ್ಲ" ಎಂದಳು ಹಿರಿಯವಳು. ಅಳಲಿಲ್ಲ, ದನಿ ಏರಿಸಲಿಲ್ಲ. "ಚೆನ್ನಾಗಿ ಓಡ್ತಾ ಓಡ್ತಾ ಅರ್ಧಕ್ಕೆ ನಿಲ್ಲಬೇಕಿತ್ತು. ನನ್ನ ಹಾಗೆ."

ದರ್ಜಿಯಮ್ಮ ಕುರ್ಚಿಯ ಕೈ ಹಿಡಿದುಕೊಂಡರು. "ನನ್ನ ದೂಳಿಂದ ಹಾಳಾಯ್ತು ಅಂತ ನಾನು ಅಳ್ತಿದ್ರೆ, ಪಕ್ಕದಲ್ಲೇ ಕೂತು ಕಾಜಾ ಹೊಲೀತಿದ್ಯಲ್ಲೇ..."

"ಹೌದು. ಅದು ನಿನಗೆ ಅಂತಾನೇ ಮಾಡಿದ್ದು, ಅಮ್ಮ. ಕಾಲೇಜಿನ ಮೊದಲನೇ ವರ್ಷದಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೆ. ಕೈ ಸಾಲಲ್ಲ, ಕೆಲಸಕ್ಕೆ ಕೂತ್ಕೋ, ಇವಳಾದ್ರೂ ಓದ್ಲಿ ಅಂತ ನೀನಂದೆ. ಕೂತೆ. ಇವಳು ಗ್ರಾಫಿಕ್ಸ್ ಬೇಕು, ಫ್ಯಾನ್ ಬೇಕು ಅಂತ ಆರಿಸ್ತಿದ್ಲು. ನನಗೆ ಏನನ್ನೂ ಆರಿಸೋಕೆ ಬಿಡಲಿಲ್ಲ. ನಿನ್ನ ಕಸುಬಿಂದ ಒಂದು ಓದು ಹೇಗೆ ನಿಲ್ಲುತ್ತೆ ಅಂತ ನೀನೂ ಒಂದು ಸಲ ನೋಡ್ಲಿ ಅಂತ ಮಾಡ್ದೆ. ತಪ್ಪಾಯ್ತು ಅನ್ನಲ್ಲ."

ಸೇಡು ಕಂಡರೆ ಚಪ್ಪಾಳೆ ತಟ್ಟುವ ನಾನು ಅವತ್ತು ಯಾರ ಪಕ್ಷವನ್ನೂ ಹಿಡಿಯಲಾಗದೆ ಲೋಟಗಳನ್ನು ಎತ್ತಿಡುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಆಫರ್ ಮಾಮ ರಿಯಾಯಿತಿ ಚೀಟಿಯನ್ನು ಮಡಿಸಿ ಜೇಬಿಗಿಟ್ಟ. ಭಾವ ಒಬ್ಬರೇ ಲ್ಯಾಪ್‌ಟಾಪನ್ನು ಆನ್ ಮಾಡಿ, ಹುಡುಗಿಯ ಆಟವನ್ನು ಹಚ್ಚಿ, ಗಡಿಯಾರ ನೋಡುತ್ತಾ ಕೂತರು. ಒಂದು ಸಣ್ಣ ದೋಣಿ ಪರದೆಯ ಮೇಲೆ ಹೋಗುತ್ತಲೇ ಇತ್ತು. ಅರ್ಧ ಗಂಟೆ ಕಳೆಯಿತು. ಲ್ಯಾಪ್‌ಟಾಪ್ ನಿಲ್ಲಲಿಲ್ಲ.

"ಅಂಗಡಿಗೆ ಕೊಡಬೇಕಾಗಿಲ್ಲ" ಎಂದರು ಭಾವ. "ನಿನ್ನ ಸೀಟು ಎಲ್ಲೂ ಹೋಗುವುದಿಲ್ಲ."

ಕಿರಿಯವಳು ಪರದೆಯ ಕಡೆ ನೋಡಲೇ ಇಲ್ಲ. ನಿನ್ನೆಯಿಂದ ಕಾದು ಕೂತಿದ್ದ ಸಿಟ್ಟು ಯಾರ ಮೇಲೆ ಬೀಳುತ್ತದೋ ಎಂದು ನಾನು ಅಡುಗೆಮನೆಯ ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಅವಳು ತಾಯಿಯ ಕಡೆ ತಿರುಗಿದಳು.

"ಅಮ್ಮ, ಅಕ್ಕ ಏನಾಗ್ಬೇಕು ಅಂತಿದ್ಲು?"

ದರ್ಜಿಯಮ್ಮನಿಗೆ ಗೊತ್ತಿರಲಿಲ್ಲ. ತಮ್ಮನ ಮುಖ ನೋಡಿದರು. ಎಲ್ಲಾ ಬಲ್ಲ ಮಾಮನಿಗೂ ಗೊತ್ತಿರಲಿಲ್ಲ.

"ಅಕ್ಕಾ, ನೀನೇ ಹೇಳು. ಏನಾಗ್ಬೇಕು ಅಂತಿದ್ದೆ?"

ಹಿರಿಯವಳು ತಂಗಿಯನ್ನೂ ತಾಯಿಯನ್ನೂ ಒಬ್ಬೊಬ್ಬರಾಗಿ ನೋಡಿದಳು. ತುಟಿಯ ಮೇಲೆ ಸಣ್ಣ ನಗು ಬಂದು ಹೋಯಿತು.

"ಈಗ ಕೇಳ್ತಿದೀರಾ?" ಎಂದಳು. "ಹೇಳಲ್ಲ."

ಬಿಳಿ ಕೋಟುಗಳು ನಾಳೆಗೆ ಮುಗಿಯಬೇಕು ಎಂದು ಎದ್ದು, ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಹೋದಳು.