ಬ್ಲೂಬೆಲ್ ಕಾಡಿನ ಆ ಗಬ್ಬು ನಾತ

"ಥೂ! ಇದು ನಿನ್ನ ಹೆಸರೇ ಅಲ್ವಾ, ವಿಲ್ಫ್?"

ಹೆಸ್ಟರ್ ಒಂದು ಕೈಯಿಂದ ಮೂಗು ಮುಚ್ಚಿಕೊಂಡು, ಇನ್ನೊಂದರಲ್ಲಿ ತೊಯ್ದ ರಟ್ಟಿನ ತುಂಡನ್ನು ಅವನ ಮುಖಕ್ಕೆ ಹಿಡಿದಳು.

ಕಾಡಿನ ನೆಲದ ತುಂಬ ಬ್ಲೂಬೆಲ್ ಹೂಗಳು. ಅವುಗಳ ನಡುವೆ ಬಿದ್ದಿತ್ತು ಒಂದು ಫ್ರಿಜ್. ಒಳಗೆ ಕೊಳೆತ ಮಾಂಸ... ಅದರ ಮೇಲೆ ಗಿಜಿಗುಡುವ ಬಿಳಿ ಹುಳು! ಸುತ್ತ ಜಿಡ್ಡು ಮೆತ್ತಿದ ಅಡುಗೆಮನೆಯ ಕಪಾಟುಗಳು.



ಬರುವ ತಿಂಗಳು ಅವರ ಮದುವೆ. ಅವನು ಬೆಳೆದ ಹಳ್ಳಿ ನೋಡಲು ಮೊದಲ ಸಲ ಬಂದಿದ್ದಳು. ಹಳೆಯ ಅಡುಗೆಮನೆ ಕಿತ್ತು ಹೊಸದು ಕೂರಿಸುವುದು ವಿಲ್ಫ್‌ನ ಕಸುಬು. ಹೊಸ ಕಪಾಟು ಬಂದಿದ್ದ ಆ ರಟ್ಟಿನ ಮೇಲೆ ಅವನದೇ ಹೆಸರು, ವಿಳಾಸ!

"ಮಾತಾಡು!"

ಅವನು ತಲೆ ತಗ್ಗಿಸಿ ರಟ್ಟನ್ನೇ ನೋಡಿದ.

"ಈ ಕೈಯಿಂದಾನಾ ನನ್ನ ಮುಟ್ಟಿದ್ದು? ಅಸಹ್ಯ ಆಗ್ತಿದೆ ನಂಗೆ!"

ಅವನ ಅಜ್ಜಿ ಈಡಿತ್‌ಳ ಮನೆಗೆ ಓಡಿಬಂದು ಬಟ್ಟೆಗಳನ್ನು ಬ್ಯಾಗಿಗೆ ತುರುಕತೊಡಗಿದಳು.

"ಬಸ್ಸು ಹೋಯ್ತು ಕಣೆ. ಮುಂದಿನದು ಇನ್ನು ಗುರುವಾರಾನೇ" ಎಂದಳು ಅಜ್ಜಿ.

"ನಡ್ಕೊಂಡೇ ಹೋಗ್ತೀನಿ! ನಿಮ್ಮ ಮೊಮ್ಮಗ ಕಾಡಿಗೆ ಕಸ ಸುರಿದಿದ್ದಾನೆ."

"ಅವನಲ್ಲ ಕಣೆ. ಪಕ್ಕದ ಮನೇಲಿ ಅವನು ಕಿತ್ತ ಸಾಮಾನನ್ನ ಕಸದ ಡಿಪೋಗೆ ಹಾಕ್ತೀನಿ ಅಂತ ಯಾರೋ ವ್ಯಾನಿನವನು ನನ್ನ ಕಣ್ಣೆದುರೇ ತುಂಬ್ಕೊಂಡು ಹೋದ."

"ಮತ್ತೆ ಹೇಳೋಕೇನಾಗಿತ್ತು ಅವನಿಗೆ?"

"ಅವನನ್ನೇ ಕೇಳು. ನಾನೇನು ಪಾದ್ರಿನಾ, ತಪ್ಪೊಪ್ಪಿಗೆ ಕೇಳಿಸ್ಕೊಳ್ಳೋಕೆ?"

ಹೆಸ್ಟರ್ ಮತ್ತೆ ಕಾಡಿಗೆ ಹೋದಳು.

ವಿಲ್ಫ್ ಒಂದೊಂದೇ ಕಪಾಟನ್ನು ದಾರಿಗೆ ಎಳೆದು ಹಾಕುತ್ತಿದ್ದ. ಮೊಣಕೈವರೆಗೆ ಕಪ್ಪು ಲೋಳೆ. ಮರದ ಬುಡದಲ್ಲಿ ವಾಂತಿ ಮಾಡಿಕೊಂಡಿದ್ದ.

"ನೀನಲ್ಲ ಅಂತ ಯಾಕೆ ಹೇಳ್ಲಿಲ್ಲ?"

"ಅರ್ಧ ತಪ್ಪು ನಂದೇ ಅಲ್ವಾ?" ಅವನು ಕೈಲಿದ್ದ ಕಪಾಟನ್ನು ಕೆಳಗಿಟ್ಟ. "ಯಾವ ಡಿಪೋ ಅಂತ ಆ ವ್ಯಾನಿನವನನ್ನ ನಾನು ಕೇಳ್ಲೇ ಇಲ್ಲ, ಹೆಸ್ಟರ್. ಕೇಳಿದ್ರೆ ನಿಜ ಗೊತ್ತಾಗ್ತಿತ್ತು. ಗೊತ್ತಾಗೋದು ಬೇಡವಾಗಿತ್ತು... ನನ್ನ ಮೇಲೆ ನಂಗೇ ಹೇಸಿಗೆ."

'ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು ಇವನು...'

ಅವಳ ಕಣ್ಣು ತುಂಬಿತು. ನಾತಕ್ಕೋ, ಅವನ ಮಾತಿಗೋ! ಕೊರಳಿನ ಸ್ಕಾರ್ಫ್ ಬಿಚ್ಚಿ ಮೂಗಿಗೆ ಕಟ್ಟಿಕೊಂಡು, ಫ್ರಿಜ್ಜಿನ ಒಂದು ತುದಿಗೆ ಕೈಹಾಕಿದಳು. ಬೆರಳಿಗೆ ಏನೋ ಮೆತ್ತಗೆ ಅಂಟಿತು.

"ಅಯ್ಯೋ, ದೇವರೇ!"

"ಬೇಡ, ಬಿಡು. ನಾನೊಬ್ಬನೇ..."

"ಸುಮ್ನಿರು! ಈ ದರಿದ್ರಾನ ಒಬ್ಬರ ಕೈಲಿ ಎತ್ತೋಕಾಗಲ್ಲ."

"ಹೆಸ್ಟರ್... ಈಗಲೂ ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ ಕಣೋ, ಪೆದ್ದ. ಮೊದಲು ಆ ಕಡೆ ಎತ್ತು!"